ಎರಡನೇ ಟ್ಯಾಂಕಿಗೆ ದೀಪ

ಎರಡನೇ ಟ್ಯಾಂಕಿನೊಳಗೆ ಕೊಳೆ ಕಲಕುವ ರೆಕ್ಕೆ ನಿಂತುಹೋಗಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಆರಿಸುತ್ತಿದ್ದ ಬಾಗಿಯ ಕೈ ನಿಂತಿತು. ರೆಕ್ಕೆ ನಿಂತರೆ ಯಾರಾದರೊಬ್ಬರು ಒಳಗೆ ಇಳಿಯಬೇಕು. ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಶೆಡ್ಡಿನಲ್ಲಿದ್ದವರೆಲ್ಲ ಅವಳ ಗಂಡ ಲೀಲಾಧರನ ಕಡೆ ನೋಡಿದರು.

ಮುಂಬಯಿ ಆಚೆಯ ಮಹಾಪೆಯ ಕಾರ್ಖಾನೆಗಳ ನಡುವಿನ ಈ ಜಾಗಕ್ಕೆ ಸಂಶೋಧನಾ ಕೇಂದ್ರ ಎಂದು ಹೆಸರು. ಗೇಟಿನ ಮೇಲೆ ಹಸಿರು ಬೋರ್ಡು, ಬೋರ್ಡಿನಲ್ಲಿ ಒಂದು ಎಲೆ, ಎಲೆಯೊಳಗೆ ಒಂದು ಬಲ್ಬು. ಕೊಳೆತದ್ದರಿಂದ ಕರೆಂಟು ಮಾಡುವ ಹೊಸ ವಿದ್ಯೆ ಇಲ್ಲಿ ಕಂಡುಹಿಡಿಯುತ್ತಾರಂತೆ. ವಾಶಿಯ ಮಾರ್ಕೆಟ್ಟಿನಿಂದ ಕೊಳೆತ ತರಕಾರಿ ಬರುತ್ತದೆ. ಹೋಟೆಲುಗಳಿಂದ ಎಂಜಲೆಲೆ, ಹಳಸಿದ ಅನ್ನ, ತೆಂಗಿನಕಾಯಿಯ ಸಿಪ್ಪೆ ಬರುತ್ತದೆ. ಅದೆಲ್ಲ ಟ್ಯಾಂಕಿನಲ್ಲಿ ಕೊಳೆತು ಗ್ಯಾಸ್ ಆಗುತ್ತದೆ, ಗ್ಯಾಸ್ ಇಂಜಿನ್ ತಿರುಗಿಸುತ್ತದೆ, ಇಂಜಿನ್ ಕರೆಂಟು ಕೊಡುತ್ತದೆ. ನೋಡಲು ಬಂದವರು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ವಾಹ್ ಎನ್ನುತ್ತಾರೆ. ಬಹಳ ಸ್ವಚ್ಛವಾದ ಕರೆಂಟಂತೆ. ಸ್ವಚ್ಛವೇ ಇರಬಹುದು. ಅದಕ್ಕೂ ಮೊದಲು ಅದರೊಳಗೆ ಬಾಗಿಯ ಕೈ ಆಡಿರುತ್ತದೆ, ಆ ಮಾತು ಯಾವ ಬೋರ್ಡಿನಲ್ಲೂ ಇಲ್ಲ.

ಬೆಳಿಗ್ಗೆ ಏಳರಿಂದ ಅವಳು ಆ ರಾಶಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಆರಿಸಬೇಕು. ಪ್ಲಾಸ್ಟಿಕ್ಕು ಒಂದು ಕಡೆ, ಗಾಜು ಒಂದು ಕಡೆ, ತೆಂಗಿನ ನಾರು ಒಂದು ಕಡೆ. ಉಗುರಿನ ಸಂದಿಗಳೆಲ್ಲ ಕೊಳೆತು ಹಳದಿಯಾಗಿದ್ದವು. ಕೈಗೆ ರಬ್ಬರಿನ ಗ್ಲೌಸು ಕೊಟ್ಟದ್ದು ಒಂದೇ ದಿನ. ಉದ್ಘಾಟನೆಯ ದಿನ, ಫೋಟೋ ತೆಗೆಯುವಾಗ. ಫೋಟೋ ಆದ ಮೇಲೆ ವಾಪಸ್ ಇಸಿದುಕೊಂಡರು. ಮನೆಯಲ್ಲಿ ಮಗಳು ಪ್ರೇಕ್ಷಾ, ಹತ್ತನೇ ಕ್ಲಾಸಿನವಳು, ಅಮ್ಮ ಕಲಸಿದ ಅನ್ನ ಉಣ್ಣುವುದಿಲ್ಲ. ಬಾಗಿಗೂ ತನ್ನ ಕೈಯ ವಾಸನೆಗೆ ಎಷ್ಟೋ ದಿನ ತುತ್ತು ಇಳಿಯುವುದಿಲ್ಲ.

ಟ್ಯಾಂಕುಗಳು ಎರಡು. ಮೊದಲನೆಯದು ಮಾಮೂಲಿನದು. ಎರಡನೆಯದು ಪ್ರಯೋಗದ್ದು. ಅದರೊಳಗೆ ವಿದೇಶದಿಂದ ತಂದ ಜೀವಾಣುಗಳನ್ನು ಎಂಟು ತಿಂಗಳಿಂದ ಸಾಕಿದ್ದರು. ಅಷ್ಟೇ ಕೊಳೆಗೆ ಎರಡರಷ್ಟು ಕರೆಂಟು ಕೊಡುವ ಜೀವಾಣುಗಳಂತೆ. ಅವುಗಳಿಗೆ ಚಳಿ ಆಗಬಾರದು, ಸೆಖೆ ಆಗಬಾರದು, ಹೊತ್ತಿಗೆ ಸರಿಯಾಗಿ ಊಟ ಬೀಳಬೇಕು. ಬಿಳಿ ಕೋಟಿನವರು ದಿನಕ್ಕೆ ಮೂರು ಸಲ ಬಂದು ಅವುಗಳ ಆರೋಗ್ಯ ವಿಚಾರಿಸುತ್ತಿದ್ದರು. "ಬಾಣಂತಿಗೂ ಇಷ್ಟು ಆರೈಕೆ ಇಲ್ಲ ಮಾರಾಯ್ತಿ" ಎಂದು ಬಾಗಿಯೇ ಒಂದು ದಿನ ನಗಾಡಿದ್ದಳು. 

ಶುಕ್ರವಾರ ಆ ಟ್ಯಾಂಕನ್ನು ನೋಡಲು ದೆಹಲಿಯಿಂದ ಸಮಿತಿ ಬರುವುದಿತ್ತು. ಸಮಿತಿ ಬರುವ ಹೊತ್ತಿಗೆ ಕರೆಂಟು ಜಾಸ್ತಿ ತೋರಿಸಬೇಕು ಎಂದು ನಾಲ್ಕು ದಿನದಿಂದ ಆರಿಸದ ಕೊಳೆಯನ್ನೂ ಟ್ಯಾಂಕಿಗೆ ಸುರಿಸಿದ್ದರು. "ನಾರು ಹೋಗ್ತಾ ಉಂಟು ಸರ್, ಸುತ್ತಿಕೊಳ್ತದೆ" ಎಂದು ಬಾಗಿ ಎರಡು ಸಲ ಹೇಳಿದ್ದಳು. ಕೊಳೆ ಆರಿಸುವವಳ ಮಾತನ್ನು ಸಂಶೋಧನೆ ಮಾಡುವವರು ಕೇಳುತ್ತಾರೆಯೇ? ಬುಧವಾರ ಬೆಳಿಗ್ಗೆ ನಾರೂ ಬಾಳೆಲೆಯ ದಂಟೂ ಸುತ್ತಿ ಒಳಗೆ ಕಲಕುವ ರೆಕ್ಕೆ ನಿಂತಿತು.

ಹತ್ತು ಗಂಟೆಗೆ ಹೃಷೀಕೇಶ ತಾನೇ ಶೆಡ್ಡಿಗೆ ಬಂದ. ಆ ಕೇಂದ್ರದ ದೊಡ್ಡ ವಿಜ್ಞಾನಿ ಅವನೇ. ವಾಶಿಯಲ್ಲಿ ಹೋಟೆಲು ಇಟ್ಟಿರುವ ಉಡುಪಿಯ ಭಟ್ಟರ ಮಗ. ಲೀಲಾಧರ ಹದಿನೆಂಟರ ಹರೆಯದಲ್ಲಿ ಆ ಹೋಟೆಲಿಗೆ ಪಾತ್ರೆ ತೊಳೆಯಲು ಬಂದವನು. ಹದಿನೇಳು ವರ್ಷ ತೊಳೆದ. ಅವನ ಹಿಂದೆ ಬಂದವರು ಮಾಣಿಗಳಾದರು, ಅಡುಗೆಗೆ ಹೋದರು, ಒಬ್ಬ ದುಡ್ಡು ಎಣಿಸುವ ಗಲ್ಲದಲ್ಲೂ ಕೂತ. ಲೀಲಾಧರ ಮಾತ್ರ ತೊಳೆಯುವ ಕಟ್ಟೆಯಿಂದ ಆಚೆ ಕಾಲಿಡಲಿಲ್ಲ. ಹೋಗಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಕಾರ್ಕಳದ ಆಚೆಯ ಕಾಲನಿಯವನು ಎಂದು ಭಟ್ಟರಿಗೆ ಗೊತ್ತಿತ್ತು, ಭಟ್ಟರಿಗೆ ಗೊತ್ತಿದೆ ಎಂದು ಲೀಲಾಧರನಿಗೆ ಗೊತ್ತಿತ್ತು. ಮುಂಬಯಿಯಲ್ಲಿ ಜಾತಿ ಇಲ್ಲ ಎಂದು ಹೇಳುವವರನ್ನು ಆ ಕಟ್ಟೆಯ ಹತ್ತಿರ ಒಂದು ದಿನ ನಿಲ್ಲಿಸಬೇಕಿತ್ತು. ಎರಡು ವರ್ಷದ ಹಿಂದೆ ಮಗ ಕೇಂದ್ರ ತೆರೆದಾಗ ಭಟ್ಟರು, "ನಮ್ಮವನೇ, ನಂಬಿಗಸ್ಥ" ಎಂದು ಲೀಲಾಧರನನ್ನು ಇಲ್ಲಿಗೆ ಕಳಿಸಿದರು. ಅಲ್ಲಿ ಎಂಜಲು ಪಾತ್ರೆ, ಇಲ್ಲಿ ಎಂಜಲೇ.

ಹೃಷೀಕೇಶ ಬಂದವನೇ ಲೀಲಾಧರನ ಹೆಗಲ ಮೇಲೆ ಕೈ ಹಾಕಿದ.

 ಹತ್ತೊಂಬತ್ತು ವರ್ಷದಲ್ಲಿ ಆ ಮನೆಯವರು ಯಾರೂ ಅವನನ್ನು ಮುಟ್ಟಿರಲಿಲ್ಲ. ಸಂಬಳವನ್ನೂ ಕಟ್ಟೆಯ ಮೇಲಿಟ್ಟು ಸರಿಯುತ್ತಿದ್ದರು. ಈಗ ಹೆಗಲ ಮೇಲೆ ಕೈ.

"ಲೀಲಾಧರ, ಹತ್ತು ನಿಮಿಷದ ಕೆಲಸ ಮಾರಾಯ. ಇಳಿದು ಆ ನಾರು ಕಡಿದು ಬಿಡಿಸಿಬಿಡು, ಅಷ್ಟೇ. ನಿಮ್ಮವರಿಗೆ ಬಾವಿ ಇಳಿದು ಅಭ್ಯಾಸ ಉಂಟಲ್ಲ."

"ಹ್ಞೂ ಧನಿ" ಎಂದ ಲೀಲಾಧರ.

ಬಾಗಿ ಕೈಯಲ್ಲಿದ್ದ ಎಲೆಗಳನ್ನು ಬಿಟ್ಟು ಎದ್ದಳು. "ಧನಿ, ಒಳಗೆ ಗ್ಯಾಸ್ ಇರ್ತದಲ್ಲ?"

"ಎಲ್ಲ ತೆಗೆದಾಗಿದೆ. ವಾಲ್ವ್ ಬಂದ್. ಒಳಗೆ ಗ್ಯಾಸ್ ಇಲ್ಲ."

"ಆ ಗ್ಯಾಸ್ ನೋಡುವ ಮಿಷಿನು? ಕೀ ಕೀ ಅಂತ ಕೂಗ್ತದಲ್ಲ, ಅದು ಹಾಕಿ ನೋಡಿದ್ರಾ?"

"ಅದು ರಿಪೇರಿಗೆ ಹೋಗಿದೆ." ಹೃಷೀಕೇಶ ಹೆಗಲ ಮೇಲಿನ ಕೈ ತೆಗೆದ.

"ಹಾಗಾದ್ರೆ ಟ್ಯಾಂಕ್ ಖಾಲಿ ಮಾಡಿ ಇಳಿಯಬಹುದಲ್ಲ?"

"ಖಾಲಿ ಮಾಡಿ, ಫ್ಯಾನ್ ಹಚ್ಚಿ, ಮೂರು ದಿನ ಗಾಳಿಗೆ ಬಿಡಬೇಕು ಬಾಗಿ. ಗಾಳಿ ತಾಗಿದರೆ ಜೀವಾಣುಗಳ ಕಲ್ಚರ್ ಪೂರಾ ಸಾಯ್ತದೆ. ಎಂಟು ತಿಂಗಳು ಸಾಕಿದ್ದು. ಜೀವ ಅಲ್ವಾ ಅವು ಕೂಡ? ನಿನಗೆ ಅದೆಲ್ಲ ಅರ್ಥ ಆಗುವುದಿಲ್ಲ."

ಅರ್ಥ ಆಗದೆ ಏನು? ಗಾಳಿ ತಾಗಿದರೆ ಸಾಯುವಂಥವು ಅಲ್ಲಿ ಎಂಟು ತಿಂಗಳಿಂದ ಬದುಕಿವೆ. ಅಂದರೆ ಅಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆಗೆ ಅವಳ ಗಂಡನನ್ನು ಇಳಿಸುತ್ತಿದ್ದಾರೆ. ಇದನ್ನು ತಿಳಿಯಲು ಕಾಲೇಜಿಗೆ ಹೋಗಬೇಕೇ?  ಅದನ್ನೇ ಹೇಳಲು ಬಾಗಿ ಬಾಯಿ ತೆರೆದಳು.

ಸೂಪರ್‌ವೈಸರ್ ಮನೀಶ ಪಕ್ಕದಲ್ಲೇ ಇದ್ದ. ಇಲ್ಲೇ ನೆರೂಳದಲ್ಲಿ ಹುಟ್ಟಿ ಬೆಳೆದವನು, ಕನ್ನಡ ತಿಳಿದರೂ ಉತ್ತರ ಹಿಂದಿಯಲ್ಲೇ. "ಅರೇ ಬಾಗಿ, ಟೆನ್ಶನ್ ಮತ್ ಲೇ. ಕುಛ್ ನಹೀ ಹೋತಾ." ಏನೂ ಆಗುವುದಿಲ್ಲ ಎಂದು ಲೀಲಾಧರನ ಕೈಗೆ ಒಂದು ನೀಲಿ ಬಟ್ಟೆಯ ಮಾಸ್ಕು ಕೊಟ್ಟ. ಧೂಳಿಗೆ ಕಟ್ಟುವ ಮಾಸ್ಕು.

ಅವರು ಹೋದ ಮೇಲೆ ಬಾಗಿ ಗಂಡನ ರಟ್ಟೆ ಹಿಡಿದಳು. "ಬೇಡ ಅನ್ನಿ. ನನ್ನಾಣೆ, ಬೇಡ ಅನ್ನಿ."

"ಬೇಡ ಅನ್ನುವುದು ಹೇಗೆ? ರೂಮಿಗೆ ಜಾಮೀನು ನಿಂತದ್ದು ಭಟ್ರು. ನಾನು ಇಳಿಯದಿದ್ರೆ ಗುಣಪಾಲಣ್ಣನನ್ನು ಇಳಿಸ್ತಾರೆ. ಅವನಿಗೆ ಮೊದಲೇ ದಮ್ಮು."

ಗುಣಪಾಲ ಅವರ ಜೊತೆ ಕೊಳೆ ಹೊರುವವನು. ಲೀಲಾಧರನೂ ಹೆದರಿದ್ದ. ತುಟಿ ಬಿಳಿಚಿಕೊಂಡಿತ್ತು. ಆದರೆ ಬೇಡ ಎಂಬ ಮಾತನ್ನು ಅವನು ಹುಟ್ಟಿದಂದಿನಿಂದ ಆಡಿದವನಲ್ಲ, ಈಗ ಬಾ ಎಂದರೆ ಎಲ್ಲಿಂದ ಬರಬೇಕು?

ಬಾಗಿಯ ಅಪ್ಪ ಐತ ಬಾವಿಯ ಕೆಲಸದವನು. ಊರ ಧನಿಗಳ ಬಾವಿ ತೋಡುವುದು, ಬೇಸಗೆಯಲ್ಲಿ ಇಳಿದು ಕೆಸರು ಎತ್ತುವುದು. ನೀರು ಬರುವತನಕ ಬಾವಿ ಅವನದು. ನೀರು ಬಂದ ಮೇಲೆ ಕಟ್ಟೆ ಮುಟ್ಟುವ ಹಾಗಿಲ್ಲ. ಇಳಿಯುವ ಮೊದಲು ಹಗ್ಗಕ್ಕೆ ಒಂದು ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ತಳದವರೆಗೆ ಉರಿದರೆ ಮನುಷ್ಯ ಇಳಿಯಬಹುದು. ನಡುವೆ ಆರಿದರೆ ಯಾರ ಅಪ್ಪ ಹೇಳಿದರೂ ಇಳಿಯಬಾರದು. ದೀಪ ಇಳಿಸುವುದು ಮನೆಯ ಹೆಣ್ಣಿನ ಕೆಲಸ. ತಾಯಿಯಿಲ್ಲದ ಬಾಗಿ ಎಂಟು ವರ್ಷಕ್ಕೇ ಅಪ್ಪನಿಗಾಗಿ ದೀಪ ಇಳಿಸಲು ಕಲಿತಿದ್ದಳು.

ಅವಳಿಗೆ ಹನ್ನೊಂದು ಆದ ವರ್ಷ ಊರ ಧನಿಗಳ ಗುತ್ತಿನ ಮನೆಯಲ್ಲಿ ಮದುವೆ. ಧನಿಗೆ ಅವಸರ. "ನಿನ್ನೆ ಇಳಿದದ್ದೇ ಬಾವಿ, ಇವತ್ತು ಎಂಥದ್ದು ದೀಪ? ಇಳಿಯಾ" ಎಂದರು. ಅಪ್ಪ ಇಳಿದ. ಹಗ್ಗ ಒಂದು ಸಲ ಜಗ್ಗಿತು. ಎರಡನೇ ಸಲ ಜಗ್ಗಲಿಲ್ಲ. ಕೊಕ್ಕೆ ಹಾಕಿ ಮೇಲೆತ್ತಿ ಮಣ್ಣಿನ ಮೇಲೆ ಮಲಗಿಸಿದರು. ಬಾಗಿ ದೀಪ ಹಿಡಿದುಕೊಂಡೇ ನಿಂತಿದ್ದಳು. ಗುತ್ತಿನ ಅಮ್ಮ ಜಗಲಿಯಿಂದ ಆಡಿದ್ದು ಒಂದೇ ಮಾತು: "ಅಯ್ಯೋ, ಮದುವೆ ಎದುರಿಗೆ ಬಾವಿ ಮೈಲಿಗೆ ಆಯ್ತಲ್ಲ, ಇನ್ನು ಶುದ್ಧ ಮಾಡಿಸಬೇಕಲ್ಲ!" ಇಪ್ಪತ್ತಾರು ವರ್ಷವಾದರೂ ಆ ಮಾತು ಬಾಗಿಯ ಕಿವಿಯಿಂದ ಹೋಗಿಲ್ಲ.

ದೀಪ! ಗಂಡ ಟ್ಯಾಂಕಿನ ಕಡೆ ಹೊರಟಿದ್ದ, ಹಿಂದೆ ಬರುತ್ತಿದ್ದ ಬಾಗಿ ಒಮ್ಮೆಲೇ ನಿಂತಳು. ಗ್ಯಾಸ್ ಇಲ್ಲ ಎಂದರಲ್ಲ. ಗ್ಯಾಸ್ ಇಲ್ಲದಿದ್ದರೆ ಅದೂ ಒಂದು ಬಾವಿಯೇ. ಬಾವಿಗೆ ದೀಪ ಇಳಿಸದೆ ಕಳಿಸುವುದುಂಟೇ? ಹೆದರಿಕೆಯಲ್ಲಿ ಅವಳಿಗೆ ತೋಚಿದ್ದು ಇಷ್ಟೇ.

ಆಫೀಸಿನ ಗೋಡೆಗೆ ಒಂದು ದೇವರ ಸ್ಟ್ಯಾಂಡಿತ್ತು. ಹಿತ್ತಾಳೆಯ ಚಿಕ್ಕ ತೂಗುದೀಪ, ಪಕ್ಕದಲ್ಲಿ ಎಣ್ಣೆ ಬಾಟಲಿ, ಬೆಂಕಿಪೊಟ್ಟಣ. ಎರಡು ವರ್ಷದಿಂದ ಅವಳು ಅದರ ಕೆಳಗೆ ಗುಡಿಸಿದ್ದಾಳೆ, ಒಮ್ಮೆಯೂ ಮುಟ್ಟಿಲ್ಲ. ಇವತ್ತು ಕೊಳೆಯ ಕೈಯಲ್ಲೇ ದೀಪವನ್ನು ಕೊಕ್ಕೆಯಿಂದ ಬಿಡಿಸಿದಳು. "ಏಯ್, ಏಯ್!" ಎಂದು ಆಫೀಸಿನವರು ಯಾರೋ ಕೂಗಿದರು. ಬಾಗಿ ಬೆಂಕಿಪೊಟ್ಟಣವನ್ನೂ ತೆಗೆದುಕೊಂಡು ಓಡಿದಳು.

ಅಷ್ಟರಲ್ಲಿ ಟ್ಯಾಂಕಿನ ಮೇಲೆ ಮುಚ್ಚಳದ ಬೋಲ್ಟು ಬಿಚ್ಚಿಯಾಗಿತ್ತು. ಕಬ್ಬಿಣದ ಮೆಟ್ಟಿಲು ಹತ್ತುವಾಗ ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯಿತು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ನಾತ ಇದ್ದಕ್ಕಿದ್ದಂತೆ ಇಲ್ಲವಾಯಿತು. ನಾತ ಹೋಯಿತೋ, ಮೂಗೇ ಸತ್ತಿತೋ ಎಂದು ಅವಳಿಗೆ ಇನ್ನಷ್ಟು ಭಯವಾಯಿತು. ಮೇಲೆ ಹೃಷೀಕೇಶ ಗಡಿಯಾರ ನೋಡುತ್ತ ನಿಂತಿದ್ದ, ಪಕ್ಕದಲ್ಲಿ ಮನೀಶ. ಗುಣಪಾಲ ಹಗ್ಗ ಹಿಡಿದಿದ್ದ. ಲೀಲಾಧರ ಎದೆಗೆ ಹಗ್ಗ ಕಟ್ಟಿಕೊಂಡು, ಮಾಸ್ಕು ಗದ್ದಕ್ಕಿಳಿಸಿ ಹಲ್ಲಿನಲ್ಲಿ ಕತ್ತಿ ಕಚ್ಚಿಕೊಂಡು, ಸೊಂಟದವರೆಗೆ ಆ ತೂತಿನೊಳಗೆ ಇಳಿದಿದ್ದ.

"ನಿಲ್ಲಿ!" ಬಾಗಿ ಕೂಗಿದಳು. "ಸ್ವಲ್ಪ ನಿಲ್ಲಿ. ದೀಪ ಇಳಿಸಿ ನೋಡ್ತೇನೆ."

ತೂತಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಪೊಟ್ಟಣದಿಂದ ಒಂದು ಕಡ್ಡಿ ತೆಗೆದಳು. ಹೃಷೀಕೇಶ ತಲೆ ಎತ್ತಿದ. ಅವಳ ಕೈ ನೋಡಿದ.

ಅವನ ಬಾಯಿಂದ ಬಂದದ್ದು ಮಾತಲ್ಲ. ಒಂದು ಕಿರುಚು. ಕಿರುಚುತ್ತಲೇ ಓಡಿದ. ಮೆಟ್ಟಿಲಲ್ಲಿ ಕಾಲು ಜಾರಿತು, ಕನ್ನಡಕ ಹಾರಿ ಬಿತ್ತು, ಎದ್ದು ಮತ್ತೆ ಓಡಿದ. ಮನೀಶ ಅವನಿಗಿಂತ ಮುಂಚೆ ಕೆಳಕ್ಕೆ ಹಾರಿಯಾಗಿತ್ತು. "ಬ್ಲಾಸ್ಟ್! ಬ್ಲಾಸ್ಟ್ ಹೋಗಾ! ಭಾಗೋ!" ಲ್ಯಾಬಿನ ಬಾಗಿಲು ತೆರೆದು ಬಿಳಿ ಕೋಟುಗಳು ಗೇಟಿನ ಕಡೆ ಓಡಿದವು. ವಾಚ್‌ಮನ್ ಓಡಿದ. ಒಂದು ನಿಮಿಷದಲ್ಲಿ ಆ ಅಂಗಳ ಬರಿದಾಯಿತು.

ಟ್ಯಾಂಕಿನ ಮೇಲೆ ಉಳಿದವರು ಮೂವರು. ತೂತಿನಲ್ಲಿ ಲೀಲಾಧರ, ಹಗ್ಗ ಬಿಡದೆ ನಿಂತ ಗುಣಪಾಲ, ಕಡ್ಡಿ ಹಿಡಿದ ಬಾಗಿ. ಕಡ್ಡಿ ಇನ್ನೂ ಗೀರಿರಲಿಲ್ಲ.

ಅವಳಿಗೆ ನಿಧಾನವಾಗಿ ತಿಳಿಯಿತು. ಒಳಗೆ ಗ್ಯಾಸ್ ಉಂಟು. ದೇವರೇ, ಗೀರಿದ್ದರೆ? ಒಂದು ಗಳಿಗೆ ಮುಂಚೆ ಗೀರಿದ್ದರೆ ಮೂವರ ಮೂಳೆಯೂ ಸಿಗುತ್ತಿರಲಿಲ್ಲ. ಕಡ್ಡಿ ಹಿಡಿದ ಕೈ ಪೊಟ್ಟಣದಿಂದ ಆಚೆ ಸರಿಯಿತು. ಆಮೇಲೆ ಹೆದರಿಕೆಯ ಅಡಿಯಿಂದ ಸಿಟ್ಟು ಎದ್ದಿತು. ಅಷ್ಟು ಸಿಟ್ಟು ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ.

"ಬಾಗೀ!" ಗೇಟಿನ ಆಚೆಯಿಂದ ಹೃಷೀಕೇಶನ ದನಿ. "ಕಡ್ಡಿ ಕೆಳಗೆ ಹಾಕು! ಹಚ್ಚಬೇಡ ಮಾರಾಯ್ತಿ, ಎಲ್ಲರೂ ಸಾಯ್ತೇವೆ!"

"ಗ್ಯಾಸ್ ಇಲ್ಲ ಅಂದದ್ದು ಯಾರು?"

"ಸ್ವಲ್ಪ ಇರ್ತದೆ... ಸ್ವಲ್ಪ..."

"ಸ್ವಲ್ಪಕ್ಕೆ ನೀವು ಗೇಟು ದಾಟಿದಿರಾ? ಇವರನ್ನು ಒಳಗೆ ಬಿಟ್ಟು ಗೇಟು ದಾಟಿದಿರಾ?"

 ಬಾಗಿ ಗಂಡನ ಕಡೆ ತಿರುಗಿದಳು. "ಮೇಲೆ ಬನ್ನಿ."

ಲೀಲಾಧರ ಕತ್ತಿಯನ್ನು ಬಾಯಿಂದ ತೆಗೆದ. ಅವನ ಕಣ್ಣು ಇನ್ನೂ ಗೇಟಿನ ಕಡೆಗೇ ಇತ್ತು. "ಧನಿ ಏನೂ ಹೇಳಲಿಲ್ಲವಲ್ಲ..." ಎಂದ. ಮಾತು ತೊದಲಿತು.

"ಹೇಳಿಯಾಯ್ತು! ಓಡಿದರಲ್ಲ, ಅದೇ ಹೇಳಿದ್ದು!"

ಅವನು ಒಂದು ಮೆಟ್ಟಿಲು ಹತ್ತಲು ನೋಡಿದ. ಕಾಲು ಎತ್ತಲಾಗಲಿಲ್ಲ. ಕಣ್ಣು ಮೇಲಕ್ಕೆ ಹೋಯಿತು. ಕತ್ತಿ ಕೈಯಿಂದ ಜಾರಿ ಒಳಗೆ ಬಿತ್ತು, ಕೆಳಗೆ ಎಲ್ಲೋ ಗುಳುಕ್ ಎಂದಿತು. ಬಾಗಿ ದೀಪ ಎಸೆದು ಅವನ ಕಂಕುಳಿಗೆ ಕೈ ಹಾಕಿದಳು. ಗುಣಪಾಲ ಹಗ್ಗ ಎಳೆದ. ಇಬ್ಬರೂ ಸೇರಿ ಅವನನ್ನು ಬುಡ ಕಿತ್ತ ಹಾಗೆ ಮೇಲೆಳೆದು ಕೆಳಗಿಳಿಸಿ ಅಂಗಳದಲ್ಲಿ ಮಲಗಿಸಿದರು. ಸೊಂಟದವರೆಗೆ ಇಳಿದದ್ದಕ್ಕೇ ಹೀಗೆ. ತಳಕ್ಕೆ ಹೋಗಿದ್ದರೆ? ಬಾಗಿ ಅವನ ಎದೆ ತಿಕ್ಕಿದಳು, ಕೆನ್ನೆಗೆ ಬಡಿದಳು, ದೇವರನ್ನೂ ಭಟ್ಟರನ್ನೂ ಒಟ್ಟಿಗೆ ಬೈದಳು. ಕೊನೆಗೆ ಅವನು ಮಗ್ಗುಲಾಗಿ ಹಳದಿ ವಾಂತಿ ಮಾಡಿದ. ಆ ವಾಂತಿ ನೋಡಿ ಅವಳಿಗೆ ಅಳು ಬಂತು.

ಹೃಷೀಕೇಶ ವಾಪಸ್ ಬಂದು ಮೊದಲು ಆಡಿದ ಮಾತು ಕೇಳಿ: "ಮುಚ್ಚಳ ಮುಚ್ಚಿ! ಬೇಗ! ಗಾಳಿ ಒಳಗೆ ಹೋಗ್ತಾ ಉಂಟು, ಕಲ್ಚರ್ ಸಾಯ್ತದೆ!" ವಾಂತಿ ಮಾಡುತ್ತಿದ್ದವನನ್ನು ದಾಟಿಕೊಂಡೇ ಹೋದ. ಆಮೇಲೆ ಬಾಗಿಯ ಕಡೆ ಬೆರಳು ಮಾಡಿ, "ಬೆಂಕಿ ಹಚ್ಚಲು ಬಂದಳು ಅಂತ ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ. ಹೊರಗೆ ನಡೀರಿ ಇಬ್ಬರೂ" ಎಂದ.

"ಕೊಡಿ" ಎಂದಳು ಬಾಗಿ.  "ಗ್ಯಾಸ್ ಇಲ್ಲದ ಟ್ಯಾಂಕಿಗೆ ಬೆಂಕಿ ಹಚ್ಚಲು ಬಂದಳು ಅಂತಲೇ ಬರೆಸಿ. ನಾನೂ ಬರ್ತೇನೆ."

ಆ ಸಂಜೆ ಕೋಪರಖೈರಣೆಯ ಅವರ ರೂಮಿಗೆ ಭಟ್ಟರ ಫೋನು ಬಂತು. ಗೋಡೆಗೆ ಒರಗಿ ಕೂತಿದ್ದ ಲೀಲಾಧರ ಸ್ಪೀಕರ್ ಹಾಕಿದ. "ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಇದಾ ಲೀಲಾಧರ? ನನ್ನ ಮಗನ ಮರ್ಯಾದೆ ತೆಗೆದಿರಿ. ನಿನ್ನ ಹೆಂಡತಿಯಿಂದ ಕ್ಷಮೆ ಕೇಳಿಸು, ನಾಳೆಯಿಂದ ಕೆಲಸಕ್ಕೆ ಬಾ. ಇಲ್ಲದಿದ್ರೆ ರೂಮು ನೋಡಿಕೊಳ್ಳಿ."

ಲೀಲಾಧರ ಫೋನನ್ನು ಬಾಯಿಯ ಹತ್ತಿರ ತಂದ. ಅವನು ಹ್ಞೂ ಎನ್ನುತ್ತಾನೆ ಎಂದೇ ಬಾಗಿ ಅಂದುಕೊಂಡಳು. 

"ನೀವು ಅನ್ನ ಹಾಕಿದ್ದಲ್ಲ ಭಟ್ರೇ" ಎಂದ ಅವನು. ದನಿ ಸಣ್ಣದು, ಆದರೆ ಬಿಡಿಬಿಡಿಯಾಗಿ ಹೇಳಿದ. "ಪಾತ್ರೆ ತೊಳೆದದ್ದು ನಾನು." ಫೋನು ಇಟ್ಟ. 

ಅಲ್ಲಿವರೆಗೆ ಪುಸ್ತಕದ ಮುಂದೆ ಕೂತು ಎಲ್ಲ ಕೇಳಿಸಿಕೊಂಡ ಪ್ರೇಕ್ಷಾ ಹಿಂದಿಯಲ್ಲಿ ಕೇಳಿದಳು: "ಮಮ್ಮಿ, ಅಬ್ ಕೋಯಿ ಔರ್ ಉತರೇಗಾ ನಾ?"

ಹೌದು. ಬೇರೆ ಯಾರನ್ನಾದರೂ ಇಳಿಸುತ್ತಾರೆ. ಶುಕ್ರವಾರ ಸಮಿತಿ ಬರುತ್ತದೆ, ರೆಕ್ಕೆ ತಿರುಗಲೇಬೇಕು. ಗುಣಪಾಲನೂ ಕೆಲಸ ಬಿಟ್ಟು ಗೇಟು ದಾಟಿ ಬಂದಾಗಿತ್ತು. ಇನ್ನು ಕೇಂದ್ರದವರು ಆಳು ಹುಡುಕಿ ಹೋಗುವುದು ನಾಕಾಕ್ಕೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಬಾಗಿ ಕೋಪರಖೈರಣೆಯ ನಾಕಾದಲ್ಲಿದ್ದಳು. ಗಾರೆಯವರು, ಪೇಂಟಿನವರು, ಯಾವ ಕೆಲಸವಾದರೂ ಸರಿ ಎನ್ನುವವರು, ಕೂಲಿಗೆ ಕರೆಯುವವರನ್ನು ಕಾಯುತ್ತ ದಿನಾ ನಿಲ್ಲುವ ಜಾಗ. ಎಲ್ಲ ಗಂಡಸರು, ಗುರುತಿನವರು ಯಾರೂ ಇಲ್ಲ. ಅವಳಿಗೆ ಓಡಿಹೋಗೋಣ ಎನ್ನಿಸಿತು. ಪೊಲೀಸರು ಎಲ್ಲಿಂದ ಬರುತ್ತಾರೋ ಎಂದು ಹಿಂದೆ ಮುಂದೆ ನೋಡಿದಳು. ಮುಷ್ಟಿಯಲ್ಲಿ ನಿನ್ನೆಯ ಬೆಂಕಿಪೊಟ್ಟಣ ಬೆವರಿಗೆ ಒದ್ದೆಯಾಗಿತ್ತು. ಆದರೂ ಒಬ್ಬೊಬ್ಬರ ಹತ್ತಿರ ಹೋಗಿ ತನಗೆ ಬಂದ ಹಿಂದಿಯಲ್ಲಿ ಹೇಳಿದಳು. ಟಾಂಕಿಗೆ ಇಳಿಯಲು ಯಾರಾದರೂ ಕರೆಯುತ್ತಾರೆ. ಒಳಗೆ ಏನೂ ಇಲ್ಲ ಎನ್ನುತ್ತಾರೆ. ಜಗಳ ಮಾಡಬೇಡಿ. ಅಲ್ಲಿ ಕಡ್ಡಿ ಮಾತ್ರ ಹಚ್ಚಬೇಡಿ, ನಿಮ್ಮ ಮಕ್ಕಳ ಆಣೆ. ಟ್ಯಾಂಕಿನ ಮೇಲೆ ಕೂತು ಬೀಡಿ ಸೇದಲಾ ಎಂದು ಇಲ್ಲೇ ಕೇಳಿ. ಕೇಳಿ ಅವರ ಮುಖ ನೋಡಿ.

ಕೆಲವರು ನಕ್ಕರು. ಒಬ್ಬ ಹುಚ್ಚಿ ಎಂದ. ಎಂಟೂವರೆಗೆ ಕೇಂದ್ರದ ಟೆಂಪೊ ಬಂತು. ಮನೀಶ ಬಾಗಿಯನ್ನು ಕಂಡೂ ಕಾಣದವನ ಹಾಗೆ ಟ್ಯಾಂಕು ತೊಳೆಯಲು ಇಬ್ಬರು ಬೇಕು, ಹತ್ತೇ ನಿಮಿಷದ ಕೆಲಸ ಎಂದು ಕಿಟಕಿಯಿಂದ ಎರಡು ಬೆರಳು ತೋರಿಸಿದ. "ದೋ ಆದ್ಮಿ. ಟಾಂಕಿ ಸಾಫ್ ಕರ್ನಾ ಹೈ. ದಸ್ ಮಿನಿಟ್ ಕಾ ಕಾಮ್."

ಲಾತೂರಿನ ಕಡೆಯ ಒಬ್ಬ ನರೆತ ಗಡ್ಡದವನು ಮುಂದೆ ಬಂದ. "ಅಂದರ್ ಗ್ಯಾಸ್ ಹೈ ಕ್ಯಾ, ಸಾಹೇಬ್?"

"ಕುಛ್ ನಹೀ ಹೈ. ಖಾಲಿ ಹೈ."

"ತೋ ಪೆಹಲೇ ಟಾಂಕಿ ಪೇ ಬೈಠ್ ಕೇ ಏಕ್ ಬೀಡಿ ಪೀವೂ?"

ಟ್ಯಾಂಕಿನ ಮೇಲೆ ಕೂತು ಬೀಡಿ ಎಂದದ್ದೇ ಮನೀಶ ಕಿಟಕಿಯಿಂದ ಕೈ ಒಳಗೆಳೆದುಕೊಂಡ.  ಅವನ ಮುಖವನ್ನು ನಾಕಾದಲ್ಲಿದ್ದವರೆಲ್ಲ ನೋಡಿದರು. ನಗುತ್ತಿದ್ದವರು ನಗು ನಿಲ್ಲಿಸಿದರು. ಗಡ್ಡದವನು ಎರಡು ಹೆಜ್ಜೆ ಹಿಂದೆ ಸರಿದ, ಅವನ ಜೊತೆ ಉಳಿದವರೂ ಸರಿದರು. ಟೆಂಪೊ ಖಾಲಿಯಾಗಿಯೇ ತಿರುಗಿ ಘಣಸೋಲಿಯ ಕಡೆ ಹೊರಟಿತು. ಅಲ್ಲೂ ಒಂದು ನಾಕಾ ಇದೆ.

 ಬಾಗಿ ರಸ್ತೆ ದಾಟಿ, ಬಂದ ಬಸ್ಸು ಹತ್ತಿ, ಘಣಸೋಲಿ ನಾಕಾಕ್ಕೆ ಒಂದು ಟಿಕೆಟ್ ಕೇಳಿದಳು.